ಆಂಡ್ರ್ಯೂ ವೈಯೆತ್ ಅವರ ಒಣಕುಂಚದ ಕೆಲಸ: ಹುಲ್ಲಿಗೆ ಮೈ ಬರುವುದು ಹೇಗೆ?

ಪ್ರಶ್ನೆ:
ಅಮೆರಿಕದ ವಾಸ್ತವವಾದಿ ಕಲಾವಿದ ಆಂಡ್ರ್ಯೂ ವೈಯೆತ್ (1917–2009) ಅವರ ಜಲವರ್ಣ ಚಿತ್ರಗಳಲ್ಲಿ ಒಣಹುಲ್ಲು, ಮೈಗೂದಲು, ಹಳೆಯ ಹಲಗೆಯ ಬಿರುಕು ಎಲ್ಲವೂ ಎಣಿಸಬಹುದು ಎಂಬಷ್ಟು ಸ್ಪಷ್ಟವಾಗಿವೆ. ನಾನು ಒಣಕುಂಚದಿಂದ (ನೀರು ಬಹುಪಾಲು ಹಿಂಡಿದ ಕುಂಚದಿಂದ) ಹಾಗೆ ಬಿಡಿಸಲು ಹೊರಟರೆ ಕಾಗದದ ಮೇಲೆ ಗೀರುಗಳಷ್ಟೇ ಉಳಿಯುತ್ತವೆ. ಅವರ ವಿಧಾನವನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ತಾವು ಬಿಳಿ ಕಾಗದದ ಮೇಲೆ ನೇರವಾಗಿ ಗೀರುಗಳಿಂದಲೇ ಆರಂಭಿಸುತ್ತಿರಬಹುದು. ವೈಯೆತ್ ಅವರು ಸಾಮಾನ್ಯವಾಗಿ ಮೊದಲು ವಾಶ್, ಅಂದರೆ ನೀರು ಹೆಚ್ಚಿರುವ ತೆಳು ಬಣ್ಣದ ಪದರ, ಹಾಕಿ, ಅದರ ಮೇಲೆ ಒಣಕುಂಚವನ್ನು ಬಳಸುತ್ತಿದ್ದರು. ಸಣ್ಣ ಕುಂಚವನ್ನು ಬಣ್ಣದಲ್ಲಿ ಅದ್ದಿ, ಅದರ ಕೂದಲನ್ನು ಹರಡಿ, ನೀರನ್ನೂ ಹೆಚ್ಚಿನ ಬಣ್ಣವನ್ನೂ ಬೆರಳುಗಳಿಂದ ಹಿಂಡಿದ ಮೇಲೆ ತುದಿಯಲ್ಲಿ ಉಳಿಯುವ ಅಷ್ಟಿಷ್ಟು ಬಣ್ಣದಿಂದ, ನೇಯ್ಗೆಯವರು ಎಳೆ ಕೂಡಿಸುವಂತೆ, ಪದರದ ಮೇಲೆ ಪದರ ಬೆಳೆಸುತ್ತಿದ್ದರು. ಹುಲ್ಲಿಗೆ ಮೈ ಕೊಡುವುದು ಗೀರುಗಳ ನಡುವೆ ಇಣುಕುವ ಕೆಳಗಿನ ವಾಶ್. ಮಗ ಜೇಮಿ ಒಣಹುಲ್ಲಿನ ನಡುವೆ ಕುಳಿತಿರುವ 1952ರ ‘ಫಾರವೇ’ ಚಿತ್ರವನ್ನು ದೊಡ್ಡದು ಮಾಡಿ ನೋಡಿರಿ.

ಉತ್ತರ 2:
ಇದರ ಹಿಂದೆ ಅವರ ವೃತ್ತಿಜೀವನದ ತಿರುವೂ ಇದೆ. 1937ರಲ್ಲಿ, ಇಪ್ಪತ್ತರ ಹರೆಯದಲ್ಲಿ, ನ್ಯೂಯಾರ್ಕಿನ ಮ್ಯಾಕ್‌ಬೆತ್ ಗ್ಯಾಲರಿಯಲ್ಲಿ ನಡೆದ ಅವರ ಮೊದಲ ಏಕವ್ಯಕ್ತಿ ಪ್ರದರ್ಶನದ ಜಲವರ್ಣಗಳೆಲ್ಲ ಮಾರಾಟವಾದವು. ಅವು ಹಿಂದಿನ ತಲೆಮಾರಿನ ಅಮೆರಿಕದ ಚಿತ್ರಕಾರ ವಿನ್ಸ್ಲೋ ಹೋಮರ್ ಅವರ ಪ್ರಭಾವವಿದ್ದ, ಒದ್ದೆಯಾಗಿ ವೇಗವಾಗಿ ಬಿಡಿಸಿದ, ಅಮೆರಿಕದ ಮೇಯ್ನ್ ರಾಜ್ಯದ ಕರಾವಳಿಯ ಚಿತ್ರಗಳು. ಆ ಸಲೀಸಿಗೇ ಅವರು ತೃಪ್ತರಾಗಲಿಲ್ಲ. ಭಾವ ಪೀಟರ್ ಹರ್ಡ್ ಅವರಿಂದ ಮೊಟ್ಟೆಯ ಹಳದಿ ಬೆರೆಸಿದ ಬಣ್ಣದಿಂದ ನಿಧಾನವಾಗಿ ಬಿಡಿಸುವ ಟೆಂಪೆರಾ ವಿಧಾನ ಕಲಿತರು. 1945ರಲ್ಲಿ ತಂದೆ, ಹೆಸರಾಂತ ಚಿತ್ರಕಾರ ಎನ್. ಸಿ. ವೈಯೆತ್, ರೈಲ್ವೆ ಕ್ರಾಸಿಂಗಿನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರ ಕೆಲಸ ಇನ್ನಷ್ಟು ಗಂಭೀರವಾಯಿತು. ಟೆಂಪೆರಾದ ತಾಳ್ಮೆಯನ್ನೇ ಅವರು ಜಲವರ್ಣಕ್ಕೂ ತಂದರು ಎಂಬುದು ನನ್ನ ಅಭಿಪ್ರಾಯ. (ಅಂದಹಾಗೆ, 1948ರ ‘ಕ್ರಿಸ್ಟಿನಾಸ್ ವರ್ಲ್ಡ್’ ಚಿತ್ರವನ್ನು ಹಲವರು ಜಲವರ್ಣವೆಂದೇ ಭಾವಿಸಿದ್ದಾರೆ, ಅದು ಟೆಂಪೆರಾ.)

ಉತ್ತರ 3:
ಮೇಲಿನ ಮಾತಿಗೆ ಒಂದು ತಿದ್ದುಪಡಿ ಬೇಕು. ತಾಳ್ಮೆ ಬಂದ ಮೇಲೆ ಅವರು ವೇಗವನ್ನು ಬಿಟ್ಟರೆಂದು ಯಾರೂ ತಿಳಿಯಬಾರದು. ಪೆನ್ಸಿಲ್ವೇನಿಯಾದ ಚಾಡ್ಸ್ ಫೋರ್ಡ್‌ನಲ್ಲಾಗಲಿ, ಮೇಯ್ನ್‌ನ ಕುಶಿಂಗ್‌ನಲ್ಲಾಗಲಿ, ಒದ್ದೆ ಬಣ್ಣ ಹರಿಯುವ, ಚಿಮ್ಮಿದ ಹನಿಗಳು ಹಾಗೇ ಉಳಿದಿರುವ ಜಲವರ್ಣಗಳನ್ನು ಅವರು ಕೊನೆಯವರೆಗೂ ಮಾಡುತ್ತಲೇ ಇದ್ದರು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ನಾನು ಬಳಸುತ್ತಿರುವುದು ಒರಟು ಕಾಗದ. ಅದೂ ಕಾರಣವಾಗಿರಬಹುದೇ?

ಉತ್ತರ 1:
ಖಂಡಿತ. ಒರಟು ಕಾಗದದ ಉಬ್ಬುತಗ್ಗುಗಳ ಮೇಲೆ ಒಣಕುಂಚ ಎಳೆದರೆ ಗೆರೆ ತುಂಡುತುಂಡಾಗುತ್ತದೆ. ಹಳೆಯ ಗೋಡೆಗೆ ಅದು ಒಪ್ಪುತ್ತದೆ, ಹುಲ್ಲಿನ ಎಳೆಗೆ ಒಪ್ಪುವುದಿಲ್ಲ. ನಯವಾದ ಹಾಟ್ ಪ್ರೆಸ್ ಕಾಗದ ತೆಗೆದುಕೊಳ್ಳಿರಿ, ವಾಶ್ ಪೂರ್ತಿ ಒಣಗಿದ ಮೇಲಷ್ಟೇ ಮೊದಲ ಎಳೆ ಹಾಕಿರಿ.