ಪಿಎಸ್5 + ಓಎಲ್‌ಇಡಿ ಟಿವಿ: 120 ಹರ್ಟ್ಸ್ ಬರುತ್ತಿಲ್ಲ, ಎಚ್‌ಡಿಆರ್ ಹಾಕಿದರೆ ಚಿತ್ರ ಪೇಲವ

ಹೊಸತೆರೆ

ಟಿವಿ 65 ಇಂಚಿನ ಓಎಲ್‌ಇಡಿ, 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಪ್ಯಾನೆಲ್. ನಾಲ್ಕು ಎಚ್‌ಡಿಎಂಐ ಪೋರ್ಟ್‌ಗಳಿವೆ, ಅವುಗಳಲ್ಲಿ ಎರಡರ ಪಕ್ಕದಲ್ಲಿ ಮಾತ್ರ ‘4ಕೆ 120’ ಎಂದು ಅಚ್ಚಾಗಿದೆ. ಈಗಿನ ಜೋಡಣೆ ಹೀಗಿದೆ: ಗೇಮ್ ಕನ್ಸೋಲ್ ಪಿಎಸ್5ರಿಂದ 5 ಮೀಟರ್ ಕೇಬಲ್ ಸೌಂಡ್‌ಬಾರ್‌ಗೆ, ಸೌಂಡ್‌ಬಾರ್‌ನಿಂದ ಇನ್ನೊಂದು ಕೇಬಲ್ ಟಿವಿಯ ಇ-ಆರ್ಕ್ ಪೋರ್ಟ್‌ಗೆ (ಟಿವಿಯ ಸದ್ದನ್ನು ಸೌಂಡ್‌ಬಾರ್‌ಗೆ ವಾಪಸ್ ಕಳಿಸಬಲ್ಲ ಪೋರ್ಟ್). ಎರಡೂ ಕೇಬಲ್ ಮೇಲೆ ‘8ಕೆ’ ಎಂದಿದೆ.

1. ವಿಡಿಯೋ ಔಟ್‌ಪುಟ್ ಇನ್ಫರ್ಮೇಶನ್ ತೆರೆದರೆ 3840x2160, 60 ಹರ್ಟ್ಸ್ ಅಷ್ಟೇ. 120ರ ಸುಳಿವೇ ಇಲ್ಲ.
2. ಎಚ್‌ಡಿಆರ್‌ನಲ್ಲಿ (ಕಪ್ಪು-ಬೆಳಕಿನ ಅಂತರ ಹೆಚ್ಚಿರುವ ಚಿತ್ರ) ಕತ್ತಲ ದೃಶ್ಯಗಳು ಕಪ್ಪಾಗುವ ಬದಲು ಬೂದಿ ಬಣ್ಣಕ್ಕೆ ತಿರುಗುತ್ತವೆ. ಮೋಡ, ಹಿಮ ಇದ್ದರೆ ಒಳಗಿನ ವಿವರವೆಲ್ಲ ಬೆಳ್ಳಗಾಗಿ ಅಳಿಸಿಹೋಗುತ್ತದೆ.
3. ವಿಆರ್‌ಆರ್ (ಗೇಮ್‌ನ ವೇಗಕ್ಕೆ ತಕ್ಕಂತೆ ಟಿವಿಯ ರಿಫ್ರೆಶ್ ದರ ಬದಲಾಗುವ ಆಯ್ಕೆ) ಹಾಕಿಡಬೇಕೇ, ಬೇಡವೇ?

ತಂತಿಜಾಡು

ಮೊದಲ ಪ್ರಶ್ನೆಗೆ ಕನ್ಸೋಲ್‌ನಲ್ಲಿ ಹುಡುಕಬೇಡಿ. ಟಿವಿಯ ಪ್ರತಿ ಎಚ್‌ಡಿಎಂಐ ಪೋರ್ಟೂ ತನ್ನ ಕೈಲಾಗುವುದನ್ನು ಒಂದು ಪಟ್ಟಿಯಾಗಿ ಕನ್ಸೋಲ್‌ಗೆ ಕಳಿಸುತ್ತದೆ, ಅದಕ್ಕೆ ಇಡಿಐಡಿ ಎನ್ನುತ್ತಾರೆ. ಪಿಎಸ್5 ಆ ಪಟ್ಟಿಯನ್ನು ಹಾಗೇ ನಂಬುತ್ತದೆ. ಪಟ್ಟಿಯಲ್ಲಿ 120 ಇಲ್ಲದಿದ್ದರೆ ನೀವು ಏನು ಆಯ್ಕೆ ಮಾಡಿದರೂ ಬರುವುದಿಲ್ಲ. ನಿಮ್ಮಲ್ಲಿ ನಡುವೆ ಸೌಂಡ್‌ಬಾರ್ ಕೂತಿರುವುದರಿಂದ ಕನ್ಸೋಲ್‌ಗೆ ತಲುಪುತ್ತಿರುವುದು ಸೌಂಡ್‌ಬಾರ್ ತಿದ್ದಿ ಕೊಟ್ಟ ಪಟ್ಟಿ. ಅದರ ಎಚ್‌ಡಿಎಂಐ ಇನ್‌ಪುಟ್ 2.0 ಆಗಿದ್ದರೆ ಮಿತಿ ಸೆಕೆಂಡಿಗೆ 18 ಗಿಗಾಬಿಟ್. 4ಕೆ 60 ಅದರಲ್ಲಿ ಹಾಯುತ್ತದೆ, 4ಕೆ 120 ಹಾಯುವುದಿಲ್ಲ.

ಹಾಗಾಗಿ ಪಿಎಸ್5 ನೇರ ಟಿವಿಗೆ, ‘4ಕೆ 120’ ಎಂದಿರುವ ಪೋರ್ಟ್‌ಗೆ ಹೋಗಲಿ. ಸೌಂಡ್‌ಬಾರ್ ಬೇರೆ ಕೇಬಲ್‌ನಲ್ಲಿ ಇ-ಆರ್ಕ್ ಪೋರ್ಟ್‌ನಲ್ಲೇ ಇರಲಿ, ಸದ್ದು ಟಿವಿಯಿಂದ ಅದಕ್ಕೆ ವಾಪಸ್ ಬರುತ್ತದೆ. ಇಲ್ಲೊಂದು ತೊಡಕಿದೆ: ಸೋನಿಯ ಹಲವು ಮಾದರಿಗಳಲ್ಲಿ 120 ಇರುವುದು 3 ಮತ್ತು 4ನೇ ಪೋರ್ಟ್‌ಗಳಲ್ಲಿ ಮಾತ್ರ, ಇ-ಆರ್ಕ್ ಕೂಡ ಆ 3ನೆಯದೇ. ಸೌಂಡ್‌ಬಾರ್ ಅದನ್ನು ಹಿಡಿದರೆ ಕನ್ಸೋಲ್‌ಗೆ ಉಳಿಯುವುದು ಒಂದೇ. ಎಲ್‌ಜಿ ಸಿ ಸರಣಿಯ ಓಎಲ್‌ಇಡಿಗಳಲ್ಲಿ ನಾಲ್ಕೂ ಪೋರ್ಟ್ 120 ಕೊಡುವುದರಿಂದ ಈ ಜಗಳವಿಲ್ಲ.

ಸರಿಯಾದ ಪೋರ್ಟ್‌ಗೆ ಹಾಕಿದರೂ ಕೆಲವು ಟಿವಿಗಳು ಪೂರ್ತಿ ಪಟ್ಟಿ ಕಳಿಸುವುದಿಲ್ಲ. ಹಳೆಯ ಉಪಕರಣಗಳಿಗೆ ತೊಂದರೆಯಾಗದಿರಲೆಂದು ಕಾರ್ಖಾನೆಯಿಂದಲೇ ಬಿಗಿ ಹಿಡಿದಿರುತ್ತಾರೆ. ಅದನ್ನು ಸಡಿಲಿಸುವ ಆಯ್ಕೆ ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’. ಇದು ಪೋರ್ಟ್‌ಗೊಂದು. ನಾಳೆ ಕೇಬಲ್ ಬೇರೆ ಪೋರ್ಟ್‌ಗೆ ಬದಲಿಸಿದರೆ ಅಲ್ಲೂ ಮತ್ತೆ ಹಾಕಬೇಕು.

ಆಮೇಲೆ ಪಿಎಸ್5ರಲ್ಲಿ ಸೆಟ್ಟಿಂಗ್ಸ್ > ಸ್ಕ್ರೀನ್ ಅಂಡ್ ವಿಡಿಯೋ > ವಿಡಿಯೋ ಔಟ್‌ಪುಟ್‌ಗೆ ಹೋಗಿ 120 ಹರ್ಟ್ಸ್ ಆಯ್ಕೆಯನ್ನು ‘ಆಟೋಮ್ಯಾಟಿಕ್’ ಮಾಡಿ. ಮೆನುವಿನಲ್ಲಿ 60 ಎಂದೇ ತೋರಿಸಿದರೆ ಗಾಬರಿ ಬೇಡ, 120 ಕೊಡುವ ಗೇಮ್ ಶುರುವಾದಾಗ ಸಿಗ್ನಲ್ ಬದಲಾಗುತ್ತದೆ. ಎಷ್ಟೋ ಗೇಮ್‌ಗಳಲ್ಲಿ ‘ಪರ್ಫಾರ್ಮೆನ್ಸ್’ ಮೋಡ್ ಆರಿಸಿದರೆ ಮಾತ್ರ 120. ಗೇಮ್ ಓಡುತ್ತಿರುವಾಗಲೇ ಟಿವಿಯ ಗೇಮ್ ಡ್ಯಾಶ್‌ಬೋರ್ಡ್ ಅಥವಾ ಗೇಮ್ ಬಾರ್ ತೆರೆದು ಅಂಕಿ ನೋಡಿ. ಅಲ್ಲಿ ಕಾಣುವುದೇ ನಿಜ.

ಇನ್ನೊಂದು ಮಾತು. 120 ಹರ್ಟ್ಸ್ ಎಚ್‌ಡಿಆರ್‌ನಲ್ಲಿ ಪಿಎಸ್5 ‘ವೈಯುವಿ422’ ಎಂದು ತೋರಿಸುತ್ತದೆ. ಅದು ದೋಷವಲ್ಲ. ಎಚ್‌ಡಿಎಂಐ 2.1ರ ಗರಿಷ್ಠ 48 ಗಿಗಾಬಿಟ್ ಆದರೂ ಮೊದಲ ಪಿಎಸ್5 ಕೊಡುವುದು 32. ಹತ್ತು ಬಿಟ್‌ನ ಪೂರ್ಣ ಆರ್‌ಜಿಬಿಗೆ ಸುಮಾರು 40 ಬೇಕು, ಅದಕ್ಕೇ ಬಣ್ಣದ ಮಾಹಿತಿಯನ್ನು ಅರ್ಧಕ್ಕೆ ಇಳಿಸಿ ಕಳಿಸುತ್ತದೆ. ಸೋಫಾ ದೂರದಿಂದ ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಪ್ಪುಬಿಳುಪು

ಎರಡನೆಯದಕ್ಕೆ. ‘ಬೂದಿ’ ಮತ್ತು ‘ಬೆಳ್ಳಗೆ ಅಳಿಸುವುದು’ ಎರಡು ಬೇರೆ ರೋಗ.

ಬೂದಿಗೆ ಸಾಮಾನ್ಯ ಕಾರಣ ರೇಂಜ್, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಅಂಕಿಗಳ ವ್ಯಾಪ್ತಿ, ಎರಡೂ ಕಡೆ ಹೊಂದದಿರುವುದು. ಎಂಟು ಬಿಟ್ ಲೆಕ್ಕದಲ್ಲಿ ಲಿಮಿಟೆಡ್ ಸಿಗ್ನಲ್‌ನಲ್ಲಿ ಕಪ್ಪು ಎಂದರೆ 16, ಫುಲ್‌ನಲ್ಲಿ 0. ಕನ್ಸೋಲ್ ಲಿಮಿಟೆಡ್ ಕಳಿಸಿ ಟಿವಿ ಫುಲ್ ಎಂದುಕೊಂಡರೆ ಆ 16 ಬೂದಿಯಾಗಿ ಕಾಣುತ್ತದೆ. ತಿರುಗುಮುರುಗಾದರೆ 16ಕ್ಕಿಂತ ಕೆಳಗಿನದೆಲ್ಲ ಒಂದೇ ಕಪ್ಪಲ್ಲಿ ಮುಳುಗುತ್ತದೆ. ಪಿಎಸ್5ರಲ್ಲಿ ಆರ್‌ಜಿಬಿ ರೇಂಜ್, ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್, ಎರಡನ್ನೂ ‘ಆಟೋ’ಗೆ ಬಿಡಿ. ಒಂದನ್ನು ಕೈಯಿಂದ ಬದಲಿಸಿ ಇನ್ನೊಂದನ್ನು ಮರೆತಾಗಲೇ ಈ ತಾಪತ್ರಯ. ಜೊತೆಗೆ ಪಿಎಸ್5ರ ಎಚ್‌ಡಿಆರ್ ಆಯ್ಕೆಯನ್ನು ‘ಆನ್ ವೆನ್ ಸಪೋರ್ಟೆಡ್’ ಮಾಡಿ. ‘ಆಲ್ವೇಸ್ ಆನ್’ ಇದ್ದರೆ ಎಸ್‌ಡಿಆರ್ (ಎಚ್‌ಡಿಆರ್ ಅಲ್ಲದ) ಗೇಮ್‌ಗಳನ್ನೂ ಎಚ್‌ಡಿಆರ್‌ಗೆ ಮಾರ್ಪಡಿಸಿ ಕಳಿಸುತ್ತದೆ, ಅವು ಪೇಲವವಾಗುವುದು ಹೆಚ್ಚಾಗಿ ಇದರಿಂದಲೇ.

ಮೋಡದ ಸಮಸ್ಯೆ ಎರಡು ಸಲ ಟೋನ್ ಮ್ಯಾಪಿಂಗ್ (ಬೆಳಕನ್ನು ಪರದೆಯ ಮಿತಿಗೆ ಹೊಂದಿಸುವುದು) ಆಗುತ್ತಿರುವುದರಿಂದ. ಕನ್ಸೋಲ್ ತನ್ನ ಪಾಡಿಗೆ ಬೆಳಕನ್ನು ಟಿವಿಯ ಗರಿಷ್ಠಕ್ಕೆ ಇಳಿಸುತ್ತದೆ, ಟಿವಿಯ ಡೈನಾಮಿಕ್ ಟೋನ್ ಮ್ಯಾಪಿಂಗ್ ಅದನ್ನೇ ಮತ್ತೆ ತಿದ್ದಿ ಇಡೀ ಚಿತ್ರವನ್ನು ಬೆಳಗಿಸಲು ಹೊರಡುತ್ತದೆ. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ, ಟೋನ್ ಮ್ಯಾಪಿಂಗ್‌ನಲ್ಲಿ ‘ಎಚ್‌ಜಿಐಜಿ’ (ಕನ್ಸೋಲ್ ಹೊಂದಿಸಿದ ಬೆಳಕನ್ನು ಟಿವಿ ಮತ್ತೆ ತಿದ್ದದ ಆಯ್ಕೆ) ಇದ್ದರೆ ಅದನ್ನು ಆರಿಸಿ, ಆಮೇಲೆ ಪಿಎಸ್5ರ ‘ಅಡ್ಜಸ್ಟ್ ಎಚ್‌ಡಿಆರ್’ ತೆರೆಯಿರಿ. ಈ ಕ್ರಮ ತಪ್ಪಿಸಬೇಡಿ. ಮೂರು ಪರದೆಗಳು ಬರುತ್ತವೆ. ಮೊದಲೆರಡರಲ್ಲಿ ಗುರುತು ಇನ್ನೇನು ಮಾಯವಾಗಬೇಕು ಎನ್ನುವಲ್ಲಿ ನಿಲ್ಲಿಸಿ, ಮಾಯವಾದ ಮೇಲೂ ಒತ್ತುತ್ತಾ ಹೋಗಬೇಡಿ. ಮೂರನೆಯದು ಕಪ್ಪಿಗೆ, ಓಎಲ್‌ಇಡಿಯಲ್ಲಿ ತೀರಾ ಕೆಳಕ್ಕೆ ಇಳಿಸಿ. ಡೈನಾಮಿಕ್ ಇಟ್ಟುಕೊಂಡೇ ಮಾಡಿದರೆ ಗುರುತು ಎಷ್ಟೋ ಹೊತ್ತು ಮಾಯವಾಗುವುದೇ ಇಲ್ಲ, ನಿಮ್ಮ ಪ್ಯಾನೆಲ್ ಇರುವುದಕ್ಕಿಂತ ತುಂಬಾ ಪ್ರಕಾಶಮಾನವಾಗಿದೆ ಎಂದು ಕನ್ಸೋಲ್ ಎಣಿಸುತ್ತದೆ, ಮೋಡ ಅಳಿಸಿಹೋಗುತ್ತದೆ.

ಹೊಸತೆರೆ

ಇಬ್ಬರಿಗೂ ಧನ್ಯವಾದ. ನೇರ ಜೋಡಿಸಿ ಪೋರ್ಟ್ ಸೆಟ್ಟಿಂಗ್ ಬದಲಿಸಿದ ಮೇಲೆ 120 ಬಂತು. ಬೂದಿಯೂ ಹೋಯಿತು, ಟಿವಿಯ ಬ್ಲ್ಯಾಕ್ ಲೆವೆಲ್ ‘ಹೈ’ನಲ್ಲಿತ್ತು. ಆದರೆ ಈಗ ಕೆಲವು ನಿಮಿಷಕ್ಕೊಮ್ಮೆ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮರಳುತ್ತದೆ. ಸೌಂಡ್‌ಬಾರ್‌ನಲ್ಲಿ ಮೊದಲು 5.1 ಸರೌಂಡ್ ಸದ್ದು ಬರುತ್ತಿತ್ತು, ಈಗ ಬರೀ ಸ್ಟೀರಿಯೋ.

ತಂತಿಜಾಡು

ಕಪ್ಪಾಗುವುದು 5 ಮೀಟರ್ ಕೇಬಲ್‌ನಿಂದಲೇ ಇರಬೇಕು. ಖಚಿತಪಡಿಸಿಕೊಳ್ಳಲು ವಿಡಿಯೋ ಔಟ್‌ಪುಟ್‌ನಲ್ಲಿ ‘4ಕೆ ವಿಡಿಯೋ ಟ್ರಾನ್ಸ್‌ಫರ್ ರೇಟ್’ ಅನ್ನು ‘-2’ಕ್ಕೆ ಇಳಿಸಿ ಅರ್ಧ ಗಂಟೆ ಆಡಿ. ಕಪ್ಪಾಗುವುದು ನಿಂತರೆ ಕೇಬಲ್‌ಗೆ ಪೂರ್ತಿ ವೇಗ ತಾಳಲು ಆಗುತ್ತಿಲ್ಲ ಎಂದೇ ಅರ್ಥ. ‘8ಕೆ’ ಎಂಬ ಅಚ್ಚನ್ನು ಯಾರು ಬೇಕಾದರೂ ಹಾಕಬಹುದು. ಡಬ್ಬಿಯ ಮೇಲೆ ‘ಅಲ್ಟ್ರಾ ಹೈ ಸ್ಪೀಡ್ ಎಚ್‌ಡಿಎಂಐ’ ಎಂಬ ಪ್ರಮಾಣಪತ್ರದ ಚೀಟಿ, ಅದರಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಇರಬೇಕು. ಪಿಎಸ್5ರ ಜೊತೆ ಬಂದ ಕೇಬಲ್ ಈ ದರ್ಜೆಯದೇ, ಮೊದಲು ಅದನ್ನೇ ಹಾಕಿ ನೋಡಿ. ಸಾದಾ ತಾಮ್ರದ ಕೇಬಲ್ 3 ಮೀಟರ್ ಒಳಗಿದ್ದರೆ ನೆಮ್ಮದಿ. ಅದಕ್ಕಿಂತ ದೂರಕ್ಕೆ ಆ್ಯಕ್ಟಿವ್ ಆಪ್ಟಿಕಲ್ ಕೇಬಲ್ ತೆಗೆದುಕೊಳ್ಳಿ. ಅದಕ್ಕೆ ದಿಕ್ಕಿದೆ: ‘ಸೋರ್ಸ್’ ತುದಿ ಕನ್ಸೋಲ್‌ಗೆ, ‘ಡಿಸ್‌ಪ್ಲೇ’ ತುದಿ ಟಿವಿಗೆ. ತಿರುಗಿಸಿ ಹಾಕಿದರೆ ಚಿತ್ರ ಬರುವುದೇ ಇಲ್ಲ.

ಸ್ಟೀರಿಯೋಗೆ: ಟಿವಿಯಲ್ಲಿ ಇ-ಆರ್ಕ್ ಆನ್ ಇದೆಯೇ ನೋಡಿ, ಸೌಂಡ್‌ಬಾರ್‌ನಲ್ಲೂ ನೋಡಿ. ಒಂದು ಕಡೆ ಆಫ್ ಇದ್ದರೂ ಸಂಪರ್ಕ ಹಳೆಯ ಆರ್ಕ್‌ಗೆ ಇಳಿಯುತ್ತದೆ. ಆರ್ಕ್‌ನಲ್ಲಿ ಪಿಸಿಎಂ (ಕುಗ್ಗಿಸದ ಡಿಜಿಟಲ್ ಸದ್ದು) ಎರಡೇ ಚಾನೆಲ್, ಮತ್ತು ಪಿಎಸ್5 ಮೊದಲಿಂದ ಕಳಿಸುವುದು ಪಿಸಿಎಂ. ಟಿವಿಯ ಡಿಜಿಟಲ್ ಔಟ್‌ಪುಟ್ ‘ಪಾಸ್ ಥ್ರೂ’ ಇರಲಿ, ಪಿಎಸ್5ರ ಆಡಿಯೋ ಔಟ್‌ಪುಟ್‌ನಲ್ಲಿ ಎಚ್‌ಡಿಎಂಐ ಉಪಕರಣ ‘ಟಿವಿ’ ಎಂದಿದ್ದರೆ ‘ಎವಿ ಆಂಪ್ಲಿಫೈಯರ್’ ಮಾಡಿ 5.1 ಆರಿಸಿ. ಇ-ಆರ್ಕ್ ಸಿಕ್ಕರೆ ಲೀನಿಯರ್ ಪಿಸಿಎಂನಲ್ಲೇ ಉಳಿಯಿರಿ, ಡಾಲ್ಬಿಗೆ ಎನ್‌ಕೋಡ್ ಮಾಡಿದರೆ ಗುಂಡಿನ ಸದ್ದು ಚಿತ್ರಕ್ಕಿಂತ ತುಸು ತಡವಾಗಿ ಕೇಳುತ್ತದೆ.

ಕಪ್ಪುಬಿಳುಪು

ವಿಆರ್‌ಆರ್ ಹಾಕಿಡಿ. ಪಿಎಸ್5ಗೆ ಅದು ಬಂದದ್ದು 2022ರ ಏಪ್ರಿಲ್ ಅಪ್‌ಡೇಟ್‌ನಲ್ಲಿ, ವ್ಯಾಪ್ತಿ 48ರಿಂದ 120 ಹರ್ಟ್ಸ್. 60ಕ್ಕೆ ಗುರಿಯಿಟ್ಟು 50ಕ್ಕೆ ಜಾರುವ ಗೇಮ್‌ಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 48ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಗೇಮ್‌ಗಳಲ್ಲಿ ಮತ್ತೆ ಕುಲುಕು. ಓಎಲ್‌ಇಡಿಯಲ್ಲಿ ಒಂದು ತೊಂದರೆ ಉಂಟು: ರಿಫ್ರೆಶ್ ದರ ಏರಿಳಿದಾಗ ಕಡುಗತ್ತಲಿನ ಭಾಗಗಳ ಹೊಳಪೂ ಏರಿಳಿದು ಮಿಣುಕುತ್ತದೆ. ಗವಿ, ರಾತ್ರಿಯ ಕಾಡು ಇಂಥ ಕಡೆ, ಲೋಡಿಂಗ್ ಪರದೆಯಲ್ಲೂ ಕಾಣುತ್ತದೆ. ಟಿವಿ ಕೆಟ್ಟಿಲ್ಲ. ಕಣ್ಣಿಗೆ ಹಿಂಸೆಯಾದರೆ ಆ ಗೇಮ್ ಆಡುವಾಗ ಮಾತ್ರ ವಿಆರ್‌ಆರ್ ಆಫ್ ಮಾಡಿ. ‘ಅಪ್ಲೈ ಟು ಅನ್‌ಸಪೋರ್ಟೆಡ್ ಗೇಮ್ಸ್’ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ.

ಆಟ ಮುಗಿದ ಮೇಲೆ ಟಿವಿಯನ್ನು ರಿಮೋಟ್‌ನಿಂದಷ್ಟೇ ಆರಿಸಿ, ಗೋಡೆಯ ಸ್ವಿಚ್ ಮುಟ್ಟಬೇಡಿ. ಒಟ್ಟು ನಾಲ್ಕು ಗಂಟೆಯಷ್ಟು ಓಡಿದ ಮೇಲೆ ಎಲ್‌ಜಿಯಂಥ ಓಎಲ್‌ಇಡಿಗಳು ಸ್ಟ್ಯಾಂಡ್‌ಬೈನಲ್ಲಿ ಪಿಕ್ಸೆಲ್ ಸರಿಪಡಿಸಿಕೊಳ್ಳುತ್ತವೆ. ಮೂಲೆಯಲ್ಲಿ ಸದಾ ನಿಂತಿರುವ ನಕ್ಷೆ, ಹೆಲ್ತ್ ಬಾರ್‌ಗಳ ಅಚ್ಚು ಉಳಿಯದಿರಲು ಆ ಕೆಲಸ ನಡೆಯಲೇಬೇಕು.

ತಂತಿಜಾಡು

ಕೇಬಲ್ ಬದಲಿಸುವಾಗ ಪರದೆ ಕಪ್ಪಾಗೇ ಉಳಿದರೆ: ಪಿಎಸ್5 ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿಹಿಡಿದು ಸುಮಾರು 7 ಸೆಕೆಂಡಿಗೆ ಬರುವ ಎರಡನೇ ಬೀಪ್‌ಗೆ ಬಿಡಿ, ಸೇಫ್ ಮೋಡ್ ಪಟ್ಟಿ ತೆರೆಯುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಪಿಎಸ್ ಬಟನ್ ಒತ್ತಿ, ‘ಚೇಂಜ್ ವಿಡಿಯೋ ಔಟ್‌ಪುಟ್’ನಲ್ಲಿ ರೆಸಲ್ಯೂಶನ್ ಬದಲಿಸಿ. ಡೇಟಾ ಏನೂ ಅಳಿಸುವುದಿಲ್ಲ. ಅದೇ ಪಟ್ಟಿಯ ಕೆಳಗಿನ ‘ರಿಸೆಟ್’ ಆಯ್ಕೆಗಳ ಕಡೆ ಮಾತ್ರ ಹೋಗಬೇಡಿ.

ಹೊಸತೆರೆ

ಡಬ್ಬಿಯಲ್ಲಿ ಬಂದ ಕೇಬಲ್ ಹಾಕಿ ಟ್ರಾನ್ಸ್‌ಫರ್ ರೇಟ್ ವಾಪಸ್ ‘ಆಟೋಮ್ಯಾಟಿಕ್’ ಮಾಡಿದೆ. ಎರಡು ಗಂಟೆ ಸತತ ಓಡಿತು, ಒಮ್ಮೆಯೂ ಕಪ್ಪಾಗಲಿಲ್ಲ. ಸೌಂಡ್‌ಬಾರ್‌ನ ಮೆನುವಿನಲ್ಲಿ ಇ-ಆರ್ಕ್ ಆಫ್ ಇತ್ತು, ಈಗ 5.1 ಪಿಸಿಎಂ ಬರುತ್ತಿದೆ.