ಬಯೋಡೀಸೆಲ್ ಬೆರೆಸಿದರೆ ಲಾರಿಯ ಹೊಗೆಯ ವಿಷ ಕಡಿಮೆಯಾಗುವುದೇ?

ಪ್ರಶ್ನೆ: ಲಾರಿ ಮಾಲೀಕ, ತುಮಕೂರು

ನಮಸ್ಕಾರ. ನಮ್ಮಲ್ಲಿ ಬಿಎಸ್-4ರ (ಹಳೆಯ ಹೊಗೆ ಮಿತಿಯ) ಎರಡು ಲಾರಿಗಳೂ ಬಿಎಸ್-6ರ (ಹೊಸ, ಬಿಗಿಯಾದ ಮಿತಿಯ) ಒಂದು ಲಾರಿಯೂ ಇವೆ. ಹಳೆಯದೊಂದಕ್ಕೆ ಮೂರು ತಿಂಗಳಿಂದ 20% ಬಯೋಡೀಸೆಲ್ (ಸಸ್ಯದ ಎಣ್ಣೆಯಂಥವನ್ನು ಸಂಸ್ಕರಿಸಿ ಮಾಡಿದ ಇಂಧನ) ಬೆರೆತ ಡೀಸೆಲ್ ಹಾಕಿಸುತ್ತಿದ್ದೇನೆ. ಏರಿನಲ್ಲಿ ಉಗುಳುತ್ತಿದ್ದ ಕಪ್ಪು ಹೊಗೆ ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಸೈಲೆನ್ಸರ್ ಬಳಿ ನಿಂತರೆ ಎಣ್ಣೆಯಲ್ಲಿ ಕರಿದ ತಿಂಡಿಯ ವಾಸನೆ ಬರುತ್ತದೆ. ಶೆಡ್ಡಿನ ಪಕ್ಕದಲ್ಲೇ ಅಂಗನವಾಡಿ ಇದೆ. ಕಪ್ಪು ಕಡಿಮೆಯಾದರೆ ವಿಷವೂ ಕಡಿಮೆಯಾಯಿತೆಂದು ನಂಬಬಹುದೇ? ಬಿಎಸ್-6 ಲಾರಿಗೂ ಇದನ್ನೇ ಹಾಕಿಸಬಹುದೇ?

ಉತ್ತರ 1: ಆಟೊಮೊಬೈಲ್ ಉಪನ್ಯಾಸಕಿ

ಅರ್ಧದಷ್ಟು ಮಾತ್ರ ನಂಬಬಹುದು. ಬಯೋಡೀಸೆಲ್‌ನ ತೂಕದಲ್ಲಿ ಸುಮಾರು 11% ಆಮ್ಲಜನಕವೇ ಇರುವುದರಿಂದ ಇಂಧನ ಹೆಚ್ಚು ಪೂರ್ಣವಾಗಿ ಉರಿದು ಮಸಿ ತಗ್ಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಳೆಯ ಭಾರೀ ಎಂಜಿನ್‌ಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 20% ಮಿಶ್ರಣದಲ್ಲಿ ಕಣಗಳು ಸುಮಾರು 10%, ಇಂಗಾಲದ ಮಾನಾಕ್ಸೈಡ್ 11% ಕಡಿಮೆಯಾದವು. ಸಾರಜನಕದ ಆಕ್ಸೈಡುಗಳು ಮಾತ್ರ 2% ಹೆಚ್ಚಿದವು. ಇವು ಸೈಲೆನ್ಸರ್ ಬಾಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಮಕ್ಕಳ ಶ್ವಾಸನಾಳಕ್ಕೆ ಇವೂ ತೊಂದರೆ ಕೊಡುತ್ತವೆ. ನಮ್ಮ ಹೊಗೆ ತಪಾಸಣಾ ಕೇಂದ್ರಗಳಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟವೆಂಬುದನ್ನಷ್ಟೇ ಅಳೆಯುತ್ತಾರೆ, ಹಾಗಾಗಿ ಪ್ರಮಾಣಪತ್ರದಿಂದ ಈ ಅನಿಲದ ವಿಷಯ ತಿಳಿಯದು. ಇದು ನನಗೆ ಬಹಳ ಬೇಸರ ತರುವ ಸಂಗತಿ.

ಉತ್ತರ 2: ಗ್ಯಾರೇಜು, ಹಾಸನ

ಮೇಡಂ ಹೇಳಿದ್ದು ಸರಿ. ಡೀಸೆಲ್ ಸೋಸುವ ಫಿಲ್ಟರ್ ಕಡೆಗೂ ಗಮನವಿರಲಿ, ಸರ್. ಬಯೋಡೀಸೆಲ್ ಹಳೆಯ ಟ್ಯಾಂಕಿನ ತಳದ ಕೊಳೆಯನ್ನು ಸಡಿಲಿಸಿ ಒಯ್ಯುತ್ತದೆ. ಹೋದ ತಿಂಗಳು ಬಿಚ್ಚಿದ ಫಿಲ್ಟರಿನಲ್ಲಿ ಬೆರಳಿಗಂಟುವ ಕಂದು ಲೋಳೆ ಸಿಕ್ಕಿತು. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಏರಿನಲ್ಲಿ ಎಳೆಯುವುದಿಲ್ಲ. ಹೊಂಗೆ ಎಣ್ಣೆಯನ್ನು ಸಂಸ್ಕರಿಸದೆ ನೇರವಾಗಿ ಬೆರೆಸುವವರೂ ಇದ್ದಾರೆ. ಅದು ಬಯೋಡೀಸೆಲ್ ಅಲ್ಲ, ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಇಂಗಾಲ ಕಟ್ಟಿಸುತ್ತದೆ.

ಉತ್ತರ 3: ಉಪನ್ಯಾಸಕಿ

ಬಿಎಸ್-6 ಲಾರಿಯಲ್ಲಿ ಮಸಿಯನ್ನು ತಡೆಯುವುದು ಸೈಲೆನ್ಸರಿನೊಳಗಿನ ಫಿಲ್ಟರು, ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವುದು ಯೂರಿಯಾ ದ್ರಾವಣ ಬಳಸುವ ಇನ್ನೊಂದು ಭಾಗ. ಕಳಪೆ ಬಯೋಡೀಸೆಲ್‌ನಲ್ಲಿ ಉಳಿದ ಸೋಡಿಯಂ, ಪೊಟ್ಯಾಸಿಯಂ ಮುಂತಾದವು ಬೂದಿಯಾಗಿ ಈ ಭಾಗಗಳನ್ನೇ ಕೆಡಿಸಬಲ್ಲವು. ಆದ್ದರಿಂದ ಕಂಪನಿಯ ಕೈಪಿಡಿಯಲ್ಲಿ ಹೇಳಿರುವ ಪ್ರಮಾಣವನ್ನು ಮೀರಬೇಡಿ. ಅಂಗನವಾಡಿಯ ಪಕ್ಕದಲ್ಲಿ ನಿಂತಾಗ, ಇಂಧನ ಯಾವುದೇ ಆಗಿರಲಿ, ಎಂಜಿನ್ ಆರಿಸಿಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೆಳಿಗ್ಗೆ ಗಾಡಿ ಬೆಚ್ಚಗಾಗಲೆಂದು ಚಾಲಕರು ಇಪ್ಪತ್ತು ನಿಮಿಷ ಚಾಲೂ ಇಡುತ್ತಿದ್ದರು. ನಾಳೆಯಿಂದ ಅದನ್ನು ನಿಲ್ಲಿಸುತ್ತೇನೆ. ಬಿಎಸ್-6 ಲಾರಿಗೆ ಬಂಕಿನ ಡೀಸೆಲ್ಲನ್ನೇ ಹಾಕಿಸುತ್ತೇನೆ.