ಹಳೇ ಅಂಬಾಸಿಡರ್ ಮೇಲೆ ಸ್ಪ್ರೇ ಪೇಂಟ್ ಬಿದ್ದಿದೆ, ಒರಿಜಿನಲ್ ಬಣ್ಣ ಉಳಿಸಿಕೊಂಡು ತೆಗೆಯುವುದು ಹೇಗೆ?

ಸಕಲೇಶಪುರ_ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1978ರ ಅಂಬಾಸಿಡರ್ ಮಾರ್ಕ್ 3 ಇದೆ, ಅಜ್ಜ ತೆಗೆದುಕೊಂಡ ಗಾಡಿ. ಕೆನೆ ಬಣ್ಣ. ಕಂಪನಿಯಿಂದ ಬಂದಾಗ ಇದ್ದದ್ದೇ, ಒಂದು ಸಲವೂ ರೀಪೇಂಟ್ ಮಾಡಿಸಿಲ್ಲ. ಈ ಸಲ ಗಣಪತಿ ಹಬ್ಬಕ್ಕೆ ಪಕ್ಕದಲ್ಲೇ ಪೆಂಡಾಲ್ ಹಾಕಿದ್ದರು, ಹುಡುಗರು ಪ್ಲೈವುಡ್ ಬೋರ್ಡಿಗೆ ನೀಲಿ ಸ್ಪ್ರೇ ಹೊಡೆಯುವಾಗ ಅದೆಲ್ಲ ಗಾಳಿಗೆ ಹಾರಿ ಡಿಕ್ಕಿ ಮೇಲೆ ಕೂತಿದೆ, ಕೈಯಾಡಿಸಿದರೆ ತರಿತರಿ. ಅದು ಸಾಲದು ಅಂತ ಯಾರೋ ಹಿಂದಿನ ಬಾಗಿಲ ಮೇಲೆ ಒಂದು ಗೆರೆಯನ್ನೂ ಎಳೆದಿದ್ದಾರೆ. ಎಲ್ಲ ಒಣಗಿಹೋಗಿದೆ. ಗ್ಯಾರೇಜಿನಲ್ಲಿ ಕೇಳಿದರೆ ಇಡೀ ಗಾಡಿ ಉಜ್ಜಿ ಹೊಸ ಪೇಂಟ್ ಹೊಡೆಯೋಣ ಅನ್ನುತ್ತಾರೆ. ಹೊಸ ಪೇಂಟ್ ಯಾವತ್ತು ಬೇಕಾದರೂ ಹೊಡೆಸಬಹುದು, ಈ ಬಣ್ಣ ಹೋದರೆ ಹೋಯಿತು, ಅಲ್ವಾ? ಗೊತ್ತಿರುವವರು ಹೇಳಿ.

ಮೂಡಿಗೆರೆ_ಜೀಪ್:
ಥಿನ್ನರ್ ಬಟ್ಟೆಗೆ ಹಾಕಿ ಒರೆಸಿ ಸರ್, ಎರಡು ನಿಮಿಷದ ಕೆಲಸ. ನನ್ನ ಜೀಪಿಗೆ ಹಾಗೇ ಮಾಡಿದ್ದು, ಏನೂ ಆಗಿಲ್ಲ.

ಹಾಸನ_ಪೇಂಟ್‌ಬೂತ್:
ದಯವಿಟ್ಟು ಥಿನ್ನರ್ ಹಾಕಬೇಡಿ. ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಮೂಡಿಗೆರೆಯವರ ಜೀಪಿಗೆ ಆಮೇಲೆ ಯಾರಾದರೂ ಹಾರ್ಡನರ್ (ಪೇಂಟನ್ನು ಗಟ್ಟಿ ಮಾಡುವ ರಾಸಾಯನಿಕ) ಸೇರಿಸಿದ ಪೇಂಟ್ ಹೊಡೆದಿದ್ದರೆ ಅದು ಥಿನ್ನರ್ ತಡೆದುಕೊಂಡಿರುತ್ತದೆ. ಈ ಅಂಬಾಸಿಡರ್ ಕಥೆ ಬೇರೆ. ಆ ಕಾಲದ ಪೇಂಟಿನ ಮೇಲೆ ಕ್ಲಿಯರ್ ಕೋಟ್ (ಬಣ್ಣವನ್ನು ಕಾಯುವ ಪಾರದರ್ಶಕ ಪದರ) ಇಲ್ಲ, ಬಣ್ಣವೇ ಮೇಲಿನ ಪದರ. ಥಿನ್ನರ್‌ಗೆ ನೀಲಿ ಯಾವುದು, ಕೆನೆ ಯಾವುದು ಅಂತ ಗೊತ್ತಾಗುವುದಿಲ್ಲ.

ನಿಮ್ಮದು ಎರಡು ಬೇರೆ ಬೇರೆ ಸಮಸ್ಯೆ. ಡಿಕ್ಕಿ ಮೇಲಿನ ಪುಡಿ ಗಾಳಿಯಲ್ಲೇ ಅರ್ಧ ಒಣಗಿ ಬಂದು ಕೂತಿರುತ್ತದೆ, ಗಟ್ಟಿಯಾಗಿ ಕಚ್ಚಿಕೊಂಡಿರುವುದಿಲ್ಲ. ಅದಕ್ಕೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಪುಡಿಯನ್ನು ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮೆತ್ತನೆ ತುಂಡು) ಸಾಕು, ಜಾಸ್ತಿ ಒರಟಲ್ಲದ್ದು ತೆಗೆದುಕೊಳ್ಳಿ. ಮೊದಲು ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆದು, ನೆರಳಲ್ಲಿ ನಿಲ್ಲಿಸಿ, ಶಾಂಪೂ ನೀರು ಧಾರಾಳವಾಗಿ ಸಿಂಪಡಿಸುತ್ತಾ ಕ್ಲೇ ಹಗುರವಾಗಿ ಆಡಿಸಿ. ಒತ್ತಬೇಡಿ. ಕ್ಲೇ ನೀಲಿಯಾದಂತೆಲ್ಲ ಮಡಚಿ ಹೊಸ ಮುಖ ಮಾಡಿಕೊಳ್ಳಿ, ನೆಲಕ್ಕೆ ಬಿದ್ದರೆ ಎಸೆಯಿರಿ. ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು ಡಿಕ್ಕಿ ತುಂಬಾ ಗೀರು ಬೀಳಲು.

ಗೆರೆ ಕಷ್ಟ. ಅಲ್ಲಿ ಒದ್ದೆ ಪೇಂಟೇ ಬಿದ್ದಿದೆ, ಅದರ ಸಾಲ್ವೆಂಟ್ (ಪೇಂಟ್ ಕರಗಿಸುವ ದ್ರವ) ಹಳೇ ಬಣ್ಣವನ್ನು ಸ್ವಲ್ಪ ಮೆತ್ತಗೆ ಮಾಡಿರಲೂಬಹುದು. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ, ಮೊದಲು ಡಿಕ್ಕಿ ಮುಚ್ಚಳದ ಒಳಗಡೆ ಕಾಣದ ಜಾಗದಲ್ಲಿ ಒಂದು ಚುಕ್ಕೆಯಷ್ಟು ಹಚ್ಚಿ ನೋಡಿ. ಹತ್ತಿಗೆ ಕೆನೆ ಬಣ್ಣ ಬಂದರೆ, ಅಥವಾ ಜಾಗ ಅಂಟಂಟಾದರೆ, ಆಲ್ಕೊಹಾಲ್ ಈ ಗಾಡಿಗೆ ಆಗಿಬರುವುದಿಲ್ಲ. ಆಗ ಫೈನ್ ಪಾಲಿಶ್ (ತೀರಾ ಸಣ್ಣ ತರಿಯ ಕಾರ್ ಪಾಲಿಶ್) ಒಂದೇ ದಾರಿ. ಬೆರಳಿಗೆ ಮೈಕ್ರೋಫೈಬರ್ ಸುತ್ತಿಕೊಂಡು ಗೆರೆಯ ಮೇಲೆ ಮಾತ್ರ, ಅಕ್ಕಪಕ್ಕ ಮಾಸ್ಕಿಂಗ್ ಟೇಪ್ ಹಾಕಿ. ಬಟ್ಟೆಯನ್ನು ಆಗಾಗ ನೋಡುತ್ತಿರಿ. ಬಟ್ಟೆಗೆ ನೀಲಿ ಬರುತ್ತಿರುವಷ್ಟು ಹೊತ್ತು ಮುಂದುವರಿಸಿ, ಕೆನೆ ಬರಲು ಶುರುವಾದ ಜಾಗದಲ್ಲಿ ಕೈ ತೆಗೆಯಿರಿ. ನಿಮ್ಮ ಪುಣ್ಯ, ಎರಡು ಬಣ್ಣ ಬೇರೆ ಬೇರೆ. ಬಿಳಿ ಸ್ಪ್ರೇ ಆಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹಳೇಗಾಡಿ_ಚಿಕ್ಕಮಗಳೂರು:
ಮೇಲಿನವರು ಹೇಳಿದ್ದು ಪೂರ್ತಿ ಸರಿ. ಬಫಿಂಗ್ ಮೆಷಿನ್ ಅಂತ ಯಾರಾದರೂ ಬಂದರೆ ಒಪ್ಪಬೇಡಿ. ಬಾಗಿಲಿನ ಅಂಚಲ್ಲಿ, ಬಾಡಿಯ ಉಬ್ಬು ಗೆರೆಯ ಮೇಲೆ ಪೇಂಟ್ ತುಂಬಾ ತೆಳ್ಳಗಿರುತ್ತದೆ, ಇಷ್ಟು ವರ್ಷ ಒರೆಸಿ ಒರೆಸಿ ಇನ್ನೂ ಸವೆದಿರುತ್ತದೆ. ಮೆಷಿನ್ ಒಂದು ಸಲ ಅಲ್ಲಿ ಹಾಯ್ದರೆ ಬಣ್ಣದ ಕೆಳಗಿನ ಪ್ರೈಮರ್ ಪದರ ಕಾಣಿಸುತ್ತದೆ. ಗಾಜಿನ ಮೇಲೆ ಬಿದ್ದಿದ್ದರೆ ಮಾತ್ರ ಸೋಪ್ ನೀರು ಹಾಕಿ ಹೊಸ ಬ್ಲೇಡನ್ನು ವಾರೆಯಾಗಿ ಹಿಡಿದು ಕೆರೆಯಬಹುದು.

ಆಮೇಲೆ, ಗೆರೆಯ ಜಾಗದಲ್ಲಿ ಕೊನೆಗೂ ಒಂದು ಮಸುಕು ಛಾಯೆ ಉಳಿಯಬಹುದು. ಉಳಿಯಲಿ ಬಿಡಿ. ಅದನ್ನೂ ತೆಗೆಯಲು ಹೋಗಿ ಬಣ್ಣ ಕಳೆದುಕೊಂಡರೆ ಆ ಬಾಗಿಲಿಗೆ ಟಚಪ್ ಮಾಡಿಸಬೇಕು, ಹಳೇ ಕೆನೆಗೆ ಹೊಸ ಕೆನೆ ಹೊಂದಿಸುವುದು ಬಹಳ ಕಷ್ಟ. ಆಮೇಲೆ ಒಂದೊಂದೇ ಬಾಗಿಲು ಅಂತ ಇಡೀ ಗಾಡಿಗೆ ಬರುತ್ತದೆ.

ಸಕಲೇಶಪುರ_ತೋಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಲೇಯಲ್ಲಿ ಡಿಕ್ಕಿ ಪೂರ್ತಿ ಸರಿಹೋಯಿತು, ಈಗ ಕೈಯಾಡಿಸಿದರೆ ನುಣ್ಣಗಿದೆ. ಆಲ್ಕೊಹಾಲ್ ಪರೀಕ್ಷೆಯಲ್ಲಿ ಹತ್ತಿಗೆ ಕೆನೆ ಬಂತು, ಹಾಗಾಗಿ ಗೆರೆಗೆ ಪಾಲಿಶ್ ಮಾತ್ರ ಹಚ್ಚುತ್ತಿದ್ದೇನೆ. ಮುಕ್ಕಾಲು ಭಾಗ ಹೋಗಿದೆ. ವ್ಯಾಕ್ಸ್ ಈಗಲೇ ಹಾಕಲೇ?

ಹಾಸನ_ಪೇಂಟ್‌ಬೂತ್:
ಡಿಕ್ಕಿಗೆ ಈಗಲೇ ಹಾಕಿ, ಕ್ಲೇ ಆಡಿಸಿದ ಮೇಲೆ ಇದ್ದಬದ್ದ ಹಳೇ ವ್ಯಾಕ್ಸೂ ಹೋಗಿರುತ್ತದೆ. ಬಾಗಿಲಿಗೆ ಗೆರೆಯ ಕೆಲಸ ಮುಗಿದ ಮೇಲೆ. ನಿಮ್ಮ ಕಡೆ ಇನ್ನೂ ಮಳೆ ಇದ್ದರೆ ಬೀಡಿಂಗ್ (ಅಂಚಿನ ಪಟ್ಟಿ) ಸಂದಿಯಲ್ಲಿರುವ ನೀರು ಪೂರ್ತಿ ಆರಲು ಬಿಟ್ಟು ಹಾಕಿ.